ಡ್ರಮ್ಮಿನ ಕಲ್ಲಿಗೆ ಸಂಘದ ಸಾಲಾ ಬ್ಯಾಡ್ರಿ

ಅಕ್ಕಾರ, ವೈನ್ಯಾರ, ಮೊದಲ ಹೇಳಿಬಿಡ್ತೇನಿ, ಆಮ್ಯಾಲ ಸಿಟ್ಟಾಗಬ್ಯಾಡ್ರಿ. ಕಲ್ಲು ಪಾಲಿಶ್ ಮಾಡೂ ಮಷೀನಿಗೆ ನಮ್ಮ ಓಣಿ ಸಂಘದಿಂದ ಸಾಲಾ ಎತ್ತೂದು ನನಗ ಸರಿ ಅನಸವಲ್ಲದು. ಎರಡು ವರ್ಷದಿಂದ ನಮ್ಮನಿ ಹಿತ್ತಲ ಖೋಲ್ಯಾಗ ಅಂಥಾದ್ದೊಂದು ಡ್ರಮ್ಮು ತಿರುಗಾಕತ್ತೈತಿ, ದಿನಾ ಅದರ ಮುಂದ ಕುಂಡ್ರಾಕಿ ನಾನ. ಅಂಥಾಕಿನ ಬ್ಯಾಡ ಅಂದ್ರ, "ತನಗಷ್ಟ ಇರಲಿ ಅಂತಾಳ ನೋಡ" ಅಂತ ನಾಕು ಮಂದಿ ಆಡಿಕೊಂಡಾರು. ಆಡಿಕೊಳ್ಳಲಿ. ಮುಂದಿನ ಮೀಟಿಂಗಿನ್ಯಾಗ ಸಹಿ ಹಾಕೂಕಿಂತ ಮೊದಲ ಇದನ್ನೊಮ್ಮೆ ಪೂರಾ ಓದ್ರಿ, ಅಷ್ಟ ಸಾಕು.

ಗೊತ್ತಿಲ್ಲದವರಿಗೆ ಹೇಳ್ತೇನಿ. ಈ ಮಷೀನಿಗೆ ಟಂಬ್ಲರ್ ಅಂತಾರ. ಚಾ ಕುಡಿಯೂ ಟಂಬ್ಲರ್ ಅಲ್ಲ. ಉಪ್ಪಿನಕಾಯಿ ಭರಣಿ ಅಡ್ಡ ಮಲಗಿಸಿದ್ರ ಎಷ್ಟಿರ್ತೈತಿ, ಅಷ್ಟು ದೊಡ್ಡ ರಬ್ಬರಿನ ಡ್ರಮ್ಮು. ಕೆಳಗ ಎರಡು ಉದ್ದನ್ನ ಸರಳು, ಒಂದು ಸಣ್ಣ ಮೋಟರು, ಒಂದು ಬೆಲ್ಟು. ಡ್ರಮ್ಮಿನ್ಯಾಗ ಕಲ್ಲು, ನೀರು, ಒಂದಿಷ್ಟು ಒರಟು ಪುಡಿ ಹಾಕಿ ಮುಚ್ಚಳಾ ಬಿಗದು ಇಟ್ರ ಹಗಲೂ ರಾತ್ರಿ ಮೆಲ್ಲಕ ಉರುಳತೈತಿ. ಕಲ್ಲಿಗೆ ಕಲ್ಲು ತಿಕ್ಕಿ, ನಡುವ ಪುಡಿ ತಿಕ್ಕಿ, ಅಂಚೆಲ್ಲಾ ಸವದು, ಕಡೀಕ ಕನ್ನಡಿ ಹಂಗ ಹೊಳೀತಾವ. ನಮ್ಮ ಮಗ ಇದನ್ನ ಮೊಮ್ಮಗನ ಸೂಟಿಗೆ ಅಂತ ಬೆಂಗಳೂರಿಂದ ತಂದಿದ್ದ. ಹುಡುಗ ಮೂರು ದಿನ ನೋಡಿ ಬ್ಯಾಸತ್ತು ಮೊಬೈಲ್ ಹಿಡದ. ಅಟ್ಟಾ ಏರೂಕಿಂತ ಮೊದಲ ನಾನು ಹಿಡಕೊಂಡೆ.

ನಮ್ಮ ಕಡೆ ಹೆಂಗಸರಿಗೆ ಕಲ್ಲು ಹೊಸಾದಲ್ಲ. ಬೀಸೂಕಲ್ಲು, ಒಳ್ಳು, ಅರಿಯೂಕಲ್ಲು, ಸಣ್ಣಾಕಿದ್ದಾಗ ಆಣೆಕಲ್ಲು. ಹೊಳೆ ಇಟಗಿಗೆ, ಸಿಂಗಟಾಲೂರಿಗೆ ಹೋದವರು ತುಂಗಭದ್ರಾ ದಂಡ್ಯಾಗ ಎರಡು ಚೆಂದನ್ನ ಹರಳು ಸೆರಗಿಗೆ ಕಟಿಗೊಂಡು ಬರದ ಇರತಾರೇನ? ನೀರಾಗ ಇದ್ದಾಗ ಆ ಹರಳು ಎಷ್ಟು ಹೊಳೀತಿರ್ತಾವ. ಮನಿಗೆ ತಂದು ಒಣಗಿದ ಮ್ಯಾಲ ನೋಡಿದ್ರ ಬೂದಿ ಬಣ್ಣ, "ಇದನ್ಯಾಕ ತಂದ್ನಪಾ" ಅನಸತೈತಿ. ಅದರ ಗುಟ್ಟು ಈ ಡ್ರಮ್ಮಿಂದ ನನಗ ತಿಳೀತು. ಕಲ್ಲಿನ ಮೈಮ್ಯಾಲ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಕುಳಿ ಇರ್ತಾವ. ನೀರು ಆ ಕುಳಿ ತುಂಬಿ ಮೈ ಸಪಾಟ ಮಾಡತೈತಿ, ಅದಕ್ಕ ಹೊಳಪು. ನೀರು ಆರಿದ್ರ ಕುಳಿ ಮತ್ತ ಬಾಯಿ ತಗೀತಾವ. ಪಾಲಿಶ್ ಅಂದ್ರ ಬ್ಯಾರೆ ಏನಲ್ಲ, ಆ ಕುಳಿ ಸವಿಯೂ ತನಕಾ ತಿಕ್ಕೂದು. ಆಗ ಒಣ ಕಲ್ಲು ಸದಾ ಹಸಿ ಇದ್ದಂಗ ಕಾಣತೈತಿ. ಹೊಳೀನೂ ಕಲ್ಲು ಉರುಳಸತೈತಿ, ದುಂಡಗೂ ಮಾಡತೈತಿ, ಆದ್ರ ಅದರಾಗ ದಪ್ಪ ಉಸುಕು ಸಣ್ಣ ಉಸುಕು ಎಲ್ಲಾ ಕಲತಿರ್ತೈತಿ. ಸಣ್ಣದು ನುಣುಪು ಮಾಡಿದ್ದನ್ನ ದಪ್ಪದು ಮತ್ತ ಗೀರಿ ಹಾಕತೈತಿ. ಅದಕ್ಕ ಹೊಳಿ ಕಲ್ಲು ದುಂಡಗ ಇದ್ರೂ ಕನ್ನಡಿ ಹೊಳಪು ಇರೂದಿಲ್ಲ.

ಈ ಒಂದು ಮಾತು ತಿಳದ್ರ ಡ್ರಮ್ಮಿನ ವಿದ್ಯಾ ಅರ್ಧ ತಿಳದಂಗ. ಪುಡಿ ನಾಕು ನಮೂನಿ. ಮೊದಲ ಮೂರು ಸಿಲಿಕಾನ್ ಕಾರ್ಬೈಡ್, ಅಂದ್ರ ಚಾಕು ಮಸಿಯೂ ಕಾರ್ಬೊರಂಡಂ ಸಾಣಿಕಲ್ಲು ಇರ್ತೈತಲ್ಲ, ಅದರದ ಪುಡಿ. ಒಂದನೇದು 60-90 ನಂಬರ, ದಪ್ಪ ರವಾ ಇದ್ದಂಗ. ಎರಡನೇದು 120-220, ಸಣ್ಣ ರವಾ. ಮೂರನೇದು 500, ಹಿಟ್ಟಿನಂಗ. ಕಡೀದು ಅಲ್ಯುಮಿನಿಯಂ ಆಕ್ಸೈಡ್, ಬೆಳ್ಳಗ, ಮುಖಕ್ಕ ಹಚ್ಚೂ ಪಾವಡರ್ ಹಂಗ. ನಂಬರ ಹೆಚ್ಚಾದಂಗ ಪುಡಿ ಸಣ್ಣ. ಸಾಣಿಗಿ ತೂತು ಲೆಕ್ಕಾ ಇದ್ದಂಗ, ಒಂದು ಇಂಚಿನ್ಯಾಗ ತೂತು ಹೆಚ್ಚಿದ್ದಷ್ಟು ಹಿಟ್ಟು ಸಣ್ಣಗ ಬೀಳತೈತಿ. ಒಂದೊಂದು ಪುಡೀಗೆ ಒಂದೊಂದು ವಾರ. ನಾಕು ಪುಡಿ, ನಾಕು ವಾರ. ಮನಿ ಫರಸಿಗೆ ಮೊಸಾಯಿಕ್ ಪಾಲಿಶ್ ಮಾಡಿಸಿದವರಿಗೆ ನೆನಪಿರಬೇಕು, ಆ ಮಷೀನಿನವರೂ ಮೊದಲ ಒರಟು ಕಲ್ಲು, ಆಮ್ಯಾಲ ಸಣ್ಣದು, ಮತ್ತೂ ಸಣ್ಣದು ಹಿಂಗ ಬದಲಿ ಮಾಡ್ತಿದ್ರು. ನಡುವ ಒಂದನ್ನ ಹಾರಿಸಿದ್ರ ಗೀರು ಉಳೀತಿತ್ತು. ಇದೂ ಅದ.

ಎಲ್ಲಾ ಕಲ್ಲೂ ಒಂದ ಡ್ರಮ್ಮಿಗೆ ಹಾಕಾಕ ಬರೂದಿಲ್ಲ. ಗಟ್ಟಿಗೆ ಗಟ್ಟಿ, ಮೆತ್ತಗಿದ್ದದ್ದಕ್ಕ ಮೆತ್ತಂದು. ಮಣ್ಣಿನ ಗಡಿಗಿ ಜೋಡಿ ಕಬ್ಬಿಣದ ಗುಂಡು ಕೂಡಿಸಿ ಇಟ್ರ ಏನಾಗತೈತಿ? ಮನ್ಯಾಗ ಪರೀಕ್ಷಾ ಮಾಡೂದು ಸಸಾರ. ಕಲ್ಲಿನ ಚೂಪು ಮೂಲೀಲೆ ಹಳೇ ಗಾಜಿನ ಬಾಟ್ಲಿ ಮ್ಯಾಲ ಒಂದು ಗೀರು ಎಳೀರಿ. ಗಾಜಿಗೆ ಗೀರು ಬಿತ್ತು ಅಂದ್ರ ಗಟ್ಟಿ ಕಲ್ಲು, ನಡೀತೈತಿ. ಬಿಳೀ ಬೆಣಚುಕಲ್ಲು ಇದರಾಗ ಬರತೈತಿ, ಗಟ್ಟಿತನದ ಹತ್ತರ ಲೆಕ್ಕದಾಗ ಅದಕ್ಕ 7 ಅಂಕ. ಗಾಜು ಐದೂವರಿ. ಇನ್ನ ಲಿಂಬಿಹಣ್ಣಿನ ರಸ ಎರಡು ಹನಿ ಹಾಕಿದಾಗ ಬುರುಗು ಎದ್ದಿತು ಅಂದ್ರ ಸುಣ್ಣದ ಜಾತಿ ಕಲ್ಲು. ಶಹಾಬಾದ ಫರಸಿ ಆ ಜಾತೀದು, ಬೆಣಚಿನ ಜೋಡಿ ಹಾಕಿದ್ರ ವಾರದಾಗ ಸವದು ಕೆಸರಾಗಿರ್ತೈತಿ. ಗ್ರಾನೈಟ್ ತುಂಡು ಭಾಳ ಮಂದಿ ಕೇಳ್ತಾರ, ಕಟ್ಟಾಕಹತ್ತಿದ ಮನಿ ಮುಂದ ಪುಕ್ಕಟ ಸಿಗತಾವಲ್ಲ. ಆದ್ರ ಗ್ರಾನೈಟಿನ್ಯಾಗ ಗಟ್ಟಿ ಕಾಳು ಮೆತ್ತನ್ನ ಕಾಳು ಎರಡೂ ಇರ್ತಾವ. ಮೆತ್ತಂದು ಮೊದಲ ಸವದು ತಗ್ಗು ಬೀಳತೈತಿ, ಹೊಳಪು ಚುಕ್ಕಿ ಚುಕ್ಕಿ ಬರತೈತಿ.

ಮೆತ್ತನ್ನ ಕಲ್ಲು ಕೀಳು ಅಂತಲ್ಲ ಮತ್ತ. ನಮ್ಮ ಲಕ್ಕುಂಡಿ ನೋಡ್ರಿ. ಅತ್ತಿಮಬ್ಬಿ 1007ರಾಗ ಕಟ್ಟಿಸಿದ ಬ್ರಹ್ಮ ಜಿನಾಲಯ ಐತಿ, ಕಾಶಿ ವಿಶ್ವೇಶ್ವರ ಗುಡಿ ಐತಿ. ಗದಗಿನ ತ್ರಿಕೂಟೇಶ್ವರ ಗುಡಿ ಆವರಣದಾಗಿನ ಸರಸ್ವತಿ ಗುಡಿ ಕಂಬಾ ನೋಡ್ರಿ, ಡಂಬಳದ ದೊಡ್ಡಬಸಪ್ಪನ ಗುಡಿ ನೋಡ್ರಿ. ಆ ಕಂಬದ ಬಳಿ ಬಳಿ ಎಲ್ಲಾ ತಿರುಗಿಸಿ ಕಡದದ್ದು, ಅದಕ್ಕ ತಿರುಗಣಿ ಕಂಬಾ ಅಂತಾರ. ಬಳಪದ ಜಾತಿ ಕಲ್ಲು ಆಗಿದ್ದಕ್ಕ ಉಳಿ ನಡೀತು, ತಿಕ್ಕಿದ್ರ ನುಣುಪು ಬಂತು, ಗಾಳಿ ಬಿಸಲಿಗೆ ಬರ್ತಾ ಬರ್ತಾ ಮೈ ಬಿರುಸಾತು. ಸಾವಿರ ವರ್ಷದ ಕಂಬದಾಗ ನಮ್ಮ ಮಾರಿ ನೆರಳು ಇನ್ನೂ ಮಬ್ಬಾಗಿ ಕಾಣತೈತಿ. ಬೀಗರು ಬಂದಾಗೊಮ್ಮೆ ಕರಕೊಂಡು ಹೋಗ್ತೀವಲ್ಲ, ಈ ಸಲ ಹೋದಾಗ ಬಳಿ ನಡುವ ಬಟ್ಟು ಆಡಿಸಿ ನೋಡ್ರಿ. ಕಟ್ಟಿಸಿದಾಕಿ ಹೆಸರು ಊರಿಗೆಲ್ಲಾ ಗೊತ್ತು, ತಿಕ್ಕಿದವರ ಹೆಸರು ಯಾರ ಬಾಯಾಗೂ ಇಲ್ಲ.

ಇರಲಿ, ಡ್ರಮ್ಮಿಗೆ ಬರೂಣು.

ಮಷೀನ ನಿಂತ್ರ ನಾವು ಹೆಂಗಸರು ಏನ್ ಮಾಡ್ತೀವಿ? ಮಿಕ್ಸರ್ ನಿಂತ್ರ ಗಂಡನ ದಾರಿ ಕಾಯೂದು, ಗ್ರೈಂಡರ್ ನಿಂತ್ರ ಮಗನ ದಾರಿ ಕಾಯೂದು. ಹೊಲಿಗಿ ಮಷೀನ ಒಂದ ನಮ್ಮ ಕೈಯಾಗ ಐತಿ. ಅದರ ಬೆಲ್ಟು ಸಡಲಾದ್ರ ತುಂಡು ಮಾಡಿ ತಂತಿ ಕೊಂಡಿ ಹಾಕೂದು, ಎಲ್ಲೆಲ್ಲಿ ಎಣ್ಣಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನೂದು ಎಲ್ಲಾರಿಗೂ ಬರತೈತಿ. ಹೊಲಿಗಿ ಮಷೀನ ತಿಳದಾಕಿಗೆ ಈ ಡ್ರಮ್ಮು ಏನೂ ಅಲ್ಲ. ಮೋಟರು ಗುಂಯ್ ಅಂತ ಡ್ರಮ್ಮು ತಿರುಗವಲ್ಲದು ಅಂದ್ರ ನೂರಕ್ಕ ತೊಂಬತ್ತು ಬೆಲ್ಟು ಜಾರಾಕತ್ತಿರ್ತೈತಿ. ಪ್ಲಗ್ ತಗದು, ಬೆಲ್ಟು ಬಿಚ್ಚಿ, ಒಣಾ ಅರಬಿಲೆ ಬೆಲ್ಟೂ ಗಾಲೀನೂ ಒರಸಿ ಮತ್ತ ಏರಿಸ್ರಿ. ಮಳಿಗಾಲದಾಗ ತಂಪಿಗೆ ಇದು ಮ್ಯಾಲಿಂದ ಮ್ಯಾಲ ಆಗತೈತಿ. ಬೆಟಗೇರ್ಯಾಗ ಮನ್ಯಾಗ ಮಗ್ಗ ಇರೂ ನಮ್ಮ ಒಬ್ಬ ಗೆಳತಿ ಬಂದಾಕಿ ಡ್ರಮ್ಮಿನ ಸಪ್ಪಳಾ ಕೇಳಿ, ಮುಟ್ಟದನ, "ಬೆಲ್ಟು ಹಿಗ್ಗೈತ್ರಿ" ಅಂದ್ಲು. ನೋಡಿದ್ರ ಖರೇ. ಬೆಲ್ಟು ಮಾತ್ರ ಒಂದು ಹೆಚ್ಚಿಂದು ಮನ್ಯಾಗ ಇಟ್ಟಿರಬೇಕು, ಇಲ್ಲಿ ಅಂಗಡ್ಯಾಗ ಆ ಅಳತೀದು ಸಿಗೂದು ತ್ರಾಸು. ಎಣ್ಣಿ ಬಿಡೂದು ಸರಳಿನ ಎರಡೂ ತುದಿ ಕುಂಡ್ರೂ ಬುಷ್ಷಿಗೆ, ತಿಂಗಳಿಗೆ ಒಂದೊಂದ ಹನಿ ಹೊಲಿಗಿ ಮಷೀನಿನ ಎಣ್ಣಿ. ರಬ್ಬರಿಗೆ, ಬೆಲ್ಟಿಗೆ ಎಣ್ಣಿ ತಾಗಿತೋ ಹಾಳು.

ಬೆಲ್ಟು ಸರಿ ಇದ್ದೂ ತಿರುಗವಲ್ಲದು ಅಂದ್ರ ಡ್ರಮ್ಮು ಅತೀ ಭಾರ ಆಗೈತಿ. ಡ್ರಮ್ಮಿನ ಮೂರರಾಗ ಎರಡು ಪಾಲು ಕಲ್ಲಿರಬೇಕು, ಹೆಚ್ಚಂದ್ರ ನಾಕರಾಗ ಮೂರು ಪಾಲು. ನೀರು ಮ್ಯಾಲಿನ ಸಾಲು ಕಲ್ಲಿನ ಕೆಳಗ ಕಾಣೂವಷ್ಟ, ಕಲ್ಲು ಮುಳುಗಬಾರದು. ನಮ್ಮ ಡ್ರಮ್ಮಿಗೆ ಒಂದೂಕಾಲು ಕಿಲೋ ಮ್ಯಾಲ ಒಂದಿಷ್ಟು ಕಲ್ಲು ಹಿಡೀತಾವ, ಅದಕ್ಕ ಒರಟು ಪುಡಿ ನಾಕು ದೊಡ್ಡ ಚಮಚ. ಕಡಿಮಿ ಕಲ್ಲು ಹಾಕಿದ್ರೂ ಕೇಡ. ಮ್ಯಾಲಿಂದ ಕೆಳಗ ಧಡ್ ಅಂತ ಬಿದ್ದು ಅಂಚು ಒಡೀತಾವ, ಅರ್ಧಚಂದ್ರನಂಥ ಸೀಳು ಬೀಳತಾವ. ಇದನ್ನ ನೋಡಾಕ ಮುಚ್ಚಳಾ ತಗಿಯೂದು ಬ್ಯಾಡ, ಕಿವೀಲೆ ಕೇಳಿದ್ರ ಸಾಕು. ಮೊರದಾಗ ಜ್ವಾಳಾ ಕೇರಿದಂಗ ಸರ್ರ ಸರ್ರ ಸಪ್ಪಳಾ ಬರಾಕತ್ತಿತ್ತು ಅಂದ್ರ ಸರಿ. ಖಟ್ ಖಟ್ ಅಂದ್ರ ಕಲ್ಲು ಕಡಿಮಿ. ಸಪ್ಪಳನ ಇಲ್ಲ ಅಂದ್ರ ಒಂದೋ ಅತೀ ತುಂಬೈತಿ, ಇಲ್ಲಾ ಒಳಗಿನ ಕೆಸರು ಗಟ್ಟಿಯಾಗಿ ಕಲ್ಲು ಹಿಡಕೊಂಡು ಕುಂತಾವ, ಒಂದೀಟು ನೀರು ಹಾಕಬೇಕು. ಕರೆಂಟ್ ತಾಸುಗಟ್ಟಲೆ ಹೋಗಿ ಬಂದಾಗ್ಲೂ ಹಿಂಗ ಆಗತೈತಿ. ಪುಡಿಯೆಲ್ಲಾ ತಳಕ್ಕ ಕುಂತಿರ್ತೈತಿ, ಅದಕ್ಕ ಗುಂಡಿ ಒತ್ತೂ ಮೊದಲ ಡ್ರಮ್ಮು ಕೈಲೆ ಎತ್ತಿ ನಾಕು ಸಲ ಹೊಳ್ಳಿಸಿ ಇಡ್ರಿ.

ಮುಚ್ಚಳದಿಂದ ಸೋರತೈತಿ ಅನ್ನೂದು ಇನ್ನೊಂದು. ರಬ್ಬರಿನ ಅಂಚಿಗೆ ಒಂದು ಕಾಳು ಪುಡಿ ಕುಂತಿದ್ರೂ ಸಾಕು, ಸೋರತೈತಿ. ಕುಕ್ಕರಿನ ರಿಂಗ್ ಒರಸಿದಂಗ ಬಟ್ಟಿಟ್ಟು ಸುತ್ತ ಒರಸಿ ಮುಚ್ಚಬೇಕು. ಕೆಲವು ಕಲ್ಲು ನೀರಿನ್ಯಾಗ ಗಾಳಿ ಬಿಡ್ತಾವ, ಮುಚ್ಚಳಾ ದ್ವಾಸಿ ಹಿಟ್ಟು ಉಕ್ಕಿದಂಗ ಉಬ್ಬತೈತಿ. ಹೊಸಾ ಕಲ್ಲು ಹಾಕಿದ ಮೊದಲ ವಾರ ದಿನಾ ಒಮ್ಮೆ ಮುಚ್ಚಳಾ ಸಡಲ ಮಾಡಿ ಗಾಳಿ ಬಿಡ್ರಿ. ಸಪ್ಪಳಾ ಹೆಚ್ಚಂತ ಮಷೀನಿನ ಮ್ಯಾಲ ಕೌದಿ ಹೊಚ್ಚೂದು ಬ್ಯಾಡ, ಮೋಟರು ಸುಟ್ಟೀತು. ಕೆಳಗ ಮಡಚಿ ಹಾಕ್ರಿ, ಅಷ್ಟು ಸಾಕು.

"ಎಲ್ಲಾ ಮಾಡಿದ್ರೂ ಹೊಳಪು ಬರಲಿಲ್ಲ" ಅನ್ನಾವರು ಒಂದಕ್ಕ ಉತ್ತರಾ ಕೊಡ್ರಿ. ಪುಡಿ ಬದಲಿ ಮಾಡೂವಾಗ ಎಷ್ಟು ಸಲ ತೊಳದಿದ್ರಿ? ಹಿಂದಿನ ಒರಟು ಪುಡಿ ಒಂದು ಚಿಟಿಕಿ ಉಳದ್ರೂ ಮುಂದಿನ ಇಡೀ ವಾರ ಅದು ಗೀರತಿರ್ತೈತಿ, ಹೊಳ್ಯಾಗ ಆದಂಗ. ಬಿರುಕು ಬಿಟ್ಟ ಕಲ್ಲು ತಗದು ಬಿಡ್ರಿ, ಬಿರುಕಿನ್ಯಾಗ ಪುಡಿ ಅಡಗಿ ಕುಂತಿರ್ತೈತಿ. ಹಳೇ ಹಲ್ಲುಜ್ಜೂ ಬ್ರಷ್ಷಿಲೆ ಒಂದೊಂದನ್ನ ತಿಕ್ಕಿ, ಡ್ರಮ್ಮಿನ ಒಳಮೈನೂ ತಿಕ್ಕಬೇಕು. ಆದ್ರ ಕಡೀ ಪಾಲಿಶಿಗೆ ಬ್ಯಾರೆ ಡ್ರಮ್ಮ ಇಟ್ಟುಬಿಡೂದು ಛಲೋ. ಉಪ್ಪಿನಕಾಯಿ ಭರಣೀಗೆ ಎಣ್ಣಿ ಜಿಡ್ಡಿನ ಚಮಚ ಹಾಕೂದಿಲ್ಲ ನೋಡ್ರಿ, ಅದ ಮಡಿ. ಎಲ್ಲಾ ಮುಗದ ಮ್ಯಾಲ ಮೈಗೆ ಹಚ್ಚೂ ಸಬಕಾರ ಒಂದು ಚಮಚ ಹೆರದು ಹಾಕಿ ಬರೇ ನೀರಾಗ ಅರ್ಧ ದಿನ ತಿರುಗಿಸಿದ್ರ ಉಳಿದ ಮಬ್ಬೂ ಹೋಗತೈತಿ.

ಇಷ್ಟೆಲ್ಲಾ ಹೇಳಿದ್ದು ಯಾಕಂದ್ರ, ಈ ಕೆಲಸಾ ನನಗ ಬ್ಯಾಡಾಗಿಲ್ಲ, ಪ್ರೀತಿ ಐತಿ ಅನ್ನೂದು ನಿಮಗ ತಿಳೀಬೇಕು. ಈಗ ಸಾಲದ ಮಾತು.

ಸಂಘಕ್ಕ ಬಂದಿದ್ದ ಮಷೀನ ಮಾರಾಂವ ಹತ್ತು ಡ್ರಮ್ಮು, ಎರಡು ಸಾಣಿ ಗಾಲಿ ಮಷೀನು ಅಂತ ಲೆಕ್ಕಾ ಬರದು ಕೊಟ್ಟು ಹೋಗ್ಯಾನ. ತಿಂಗಳಿಗೆ ಇಷ್ಟು ಪದಕ, ಇಷ್ಟು ಕೀಚೈನು, ಇಷ್ಟು ರಾಶಿಕಲ್ಲು, ಇಷ್ಟು ಲಾಭ. ನಾನೂ ಪೆನ್ನು ಹಿಡಕೊಂಡು ಕುಂತೆ. ಒಂದು ಡ್ರಮ್ಮಿಗೆ ಒಂದೂಕಾಲು ಕಿಲೋ ಅಂದ್ರ ಹತ್ತಕ್ಕ ಹನ್ನೆರಡೂವರಿ ಕಿಲೋ. ನಾಕು ವಾರದಾಗ ಸವದು, ಒಡದು, ಬಿರುಕಿಂದು ಆರಿಸಿ ತಗದು ಉಳಿಯೂದು ಎಂಟೋ ಒಂಬತ್ತೋ ಕಿಲೋ. ನಡುವ ಒಂದು ಸುತ್ತು ಕೆಟ್ರ ಆ ತಿಂಗಳು ಸುಮ್ಮನ. ಪುಡಿ ಖರ್ಚು ನನಗ ಒಂದು ಸುತ್ತಿಗೆ ನಾನೂರು ರೂಪಾಯಿ ಹತ್ರ ಬರತೈತಿ, ನೀವು ಹತ್ತು ಪಟ್ಟು ಮಾಡ್ರಿ. ದೊಡ್ಡ ಕಾರಖಾನ್ಯಾಗ ಒಂದ ಸಲಕ್ಕ ಕ್ವಿಂಟಲ್‌ಗಟ್ಟಲೆ ತಿರುಗಸತಾರ. ಗುಜರಾತದ ಖಂಭಾತ ಊರಾಗ ನೂರಾರು ವರ್ಷದಿಂದ ಅಗೇಟ್ ಅನ್ನೂ ಕಲ್ಲಿನ ಮಣಿ ಮಾಡಿ ದೇಶಾ ದೇಶಕ್ಕ ಕಳಸತಾರ. ಜಾತ್ರ್ಯಾಗ ನೂರು ರೂಪಾಯಿಗೆ ಹಿಡಿ ತುಂಬ ಬರೂ ಬಣ್ಣದ ಕಲ್ಲಿನ ಮುಂದ ನಮ್ಮ ಬೆಣಚುಕಲ್ಲು ಯಾರು ಕೊಳ್ತಾರ? ಆ ಬಣ್ಣದಾಗ ಭಾಳಷ್ಟು ಕಲ್ಲಿಗೆ ಬಣ್ಣಾ ಕುಡಿಸಿದ್ದ ಬ್ಯಾರೆ. ರಾಶಿಕಲ್ಲು ಅಂತ ಹೆಸರಿಟ್ಟು ಮಾರ್ರಿ ಅಂತ ಅಂವ ಹೇಳಿಕೊಟ್ಟಾನ. ಹೊಳಿ ದಂಡಿ ಹರಳು ತಿಕ್ಕಿ ಮಂದಿ ಗ್ರಹಚಾರಕ್ಕ ಮಾರೂದು ನನಗಂತೂ ಒಗ್ಗೂದಿಲ್ಲ.

ಕರೆಂಟು ಪುಕ್ಕಟ ಅಂತೀರಿ. ನಮ್ಮ ಮೋಟರಿನ ಮ್ಯಾಲ 40 ವ್ಯಾಟ್ ಅಂತ ಬರದೈತಿ. ಇಪ್ಪತ್ನಾಕು ತಾಸು ತಿರುಗಿದ್ರ ದಿನಕ್ಕ ಹತ್ರ ಹತ್ರ ಒಂದು ಯೂನಿಟ್ಟು, ನಾಕು ವಾರಕ್ಕ ಇಪ್ಪತ್ತೇಳು. ಒಂದು ಮನಿಗೆ ಇದು ತಡೀತೈತಿ. ಹತ್ತು ಡ್ರಮ್ಮಿಗೆ ಇನ್ನೂರ ಎಪ್ಪತ್ತು ಯೂನಿಟ್ಟು ಆತು. 2023ರಾಗ ಬಂದ ಗೃಹಜ್ಯೋತಿ ಮನಿ ಬಳಕೀಗೆ ಅಷ್ಟ, ಅದೂ ಹಿಂದಿನ ಸರಾಸರಿ ಮ್ಯಾಲ ಒಂದಿಷ್ಟು ಹೆಚ್ಚು, ಇನ್ನೂರು ಮೀರಂಗಿಲ್ಲ. ಉದ್ಯೋಗಕ್ಕ ಅದು ಬರೂದಿಲ್ಲ, ಬ್ಯಾರೆ ಮೀಟರ್ ಹಾಕಿಸಬೇಕು.

ನೀರಿನ ಲೆಕ್ಕಾ ಅಂವ ಬರದ ಇಲ್ಲ. ಗದಗ-ಬೆಟಗೇರ್ಯಾಗ ನಳದ ದಾರಿ ಹೆಂಗ ಕಾಯ್ತೀವಿ ಅನ್ನೂದು ಅಂವಗೇನ ಗೊತ್ತು! ಪ್ರತೀ ಪುಡಿ ಬದಲಿಗೆ ನಾಕೈದು ಸಲ ತೊಳೀಬೇಕು. ನಾನು ಎರಡು ಬಕೀಟ ಇಟ್ಟೇನಿ. ಒಂದರಾಗ ತೊಳದ ನೀರು ರಾತ್ರಿ ತಿಳಿಯಾಗಾಕ ಬಿಟ್ಟು, ಮ್ಯಾಲಿನ ತಿಳಿ ಬಸದು ಮರುದಿನ ಮೊದಲನೇ ತೊಳಿಯೂದಕ್ಕ ಬಳಸತೇನಿ. ಕೆಳಗ ಕುಂತ ಕೆಸರು ಮಾತ್ರ ಬಚ್ಚಲಕ್ಕ, ಮೋರಿಗೆ ಎಂದೂ ಹಾಕಬಾರದು. ಪೈಪಿನ್ಯಾಗ ಕುಂತು ಸಿಮೆಂಟಿನಂಗ ಬಿರುಸಾಗತೈತಿ, ಆಮ್ಯಾಲ ನೆಲಾ ಅಗಿಯೂದ ದಾರಿ. ಹತ್ತು ಡ್ರಮ್ಮಿನ ಕೆಸರು ಎಲ್ಲಿ ಇಡ್ತೀರಿ?

ಕಲ್ಲಾದ್ರೂ ಎಲ್ಲಿಂದ ತರ್ತೀರಿ? ನನಗ ಒಂದು ಸುತ್ತಿಗೆ ಎರಡು ಮುಟಗಿ ಹೊಳಿ ಹರಳು ಸಾಕು. ಸಂಘಕ್ಕ ಚೀಲಗಟ್ಟಲೆ ಬೇಕು. "ಕಪ್ಪತಗುಡ್ಡಕ್ಕ ಹೋದ್ರ ಬೇಕಾದಷ್ಟು" ಅಂತ ಒಬ್ಬಾಕಿ ಅಂದ್ಲು. ಖರೇ, ಕೆಂಪು ಕರಿ ಪಟ್ಟಿ ಪಟ್ಟಿ ಕಬ್ಬಿಣದ ಕಲ್ಲು ಅಲ್ಲಿ ಕಾಲಾಗ ಎಡವತಾವ. ಆದ್ರ ಅದು 2019ರಿಂದ ವನ್ಯಜೀವಿ ಧಾಮ ಐತ್ರಿ, ಅಲ್ಲಿಂದ ಕಲ್ಲು ಹೊರೂದು ಕಾಯ್ದಾಕ್ಕ ವಿರುದ್ಧ. ಆ ಗುಡ್ಡಾ ಅಗಿಯೂದು ಬ್ಯಾಡ ಅಂತ ನಮ್ಮ ಜಿಲ್ಲಾದ ಮಂದಿ ಎಷ್ಟು ವರ್ಷ ಹೋರಾಡ್ಯಾರ. ಔಷಧಿ ಗಿಡದ ಗುಡ್ಡಕ್ಕ ನಾವ ಚೀಲಾ ಹಿಡಕೊಂಡು ಹೋಗೂದೇನ?

ಇವೆಲ್ಲಾ ರೊಕ್ಕದ ಮಾತು, ಹೆಂಗರ ಸರಿ ಮಾಡಬಹುದು. ನನಗ ನಿದ್ದಿ ಕೆಡಸಿದ್ದು ಆ ಎರಡು ಸಾಣಿ ಗಾಲಿ. ನಾಕು ವಾರ ಕಾಯಾಕ ಆಗೂದಿಲ್ಲ ಅಂತ, ಕಲ್ಲನ್ನ ಮೊದಲ ಗಾಲಿಗೆ ಹಿಡದು ಆಕಾರ ಮಾಡಿ, ಆಮ್ಯಾಲ ಎರಡ ವಾರ ಡ್ರಮ್ಮಿಗೆ ಹಾಕೂದು ಅವನ ಉಪಾಯ. "ನೀರ ಬ್ಯಾಡ್ರಿ, ಒಣಾ ಹಿಡೀರಿ, ಲಗೂ ಆಗತೈತಿ" ಅಂದ. ಡ್ರಮ್ಮಿನ್ಯಾಗ ಎಲ್ಲಾ ನೀರಾಗ ನಡೀತೈತಿ, ಮುಚ್ಚಳಾ ಇರ್ತೈತಿ, ಧೂಳಿನ ಮಾತಿಲ್ಲ. ಒಣಾ ಗಾಲಿಗೆ ಬೆಣಚುಕಲ್ಲು ಹಿಡದ್ರ ಹಾರೂ ಧೂಳು ಹಿಟ್ಟಿನ ಗಿರಣಿ ಧೂಳಲ್ಲ. ಅದು ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣದು ಉಸರಿನ ಜೋಡಿ ಪುಪ್ಪುಸದ ತಳಕ್ಕ ಹೋಗಿ ಕುಂಡ್ರತೈತಿ, ಹೊರಗ ಬರೂದಿಲ್ಲ. ಕುಂತಲ್ಲೆ ಗಾಯ ಮಾಡಿ, ಗಾಯ ಮಾಯ್ದು ಪುಪ್ಪುಸನ ಬಿರುಸಾಗತೈತಿ. ಸಿಲಿಕೋಸಿಸ್ ಅಂತಾರ ಅದಕ್ಕ. ಮದ್ದಿಲ್ಲ. ಕೆಮ್ಮು, ದಮ್ಮು, ತೂಕಾ ಇಳಿಯೂದು ನೋಡಿ ಭಾಳ ಮಂದಿಗೆ ಕ್ಷಯ ಅಂತ ಗುಳಗಿ ಕೊಟ್ಟು ಕಳಸತಾರ. ಕ್ಷಯ ಬರೂ ಸಂಭವನೂ ಇದರಿಂದ ಹೆಚ್ಚ.

ಮ್ಯಾಲ ಖಂಭಾತ ಅಂದ್ನಲ್ಲ, ಅಲ್ಲಿ ಆಗಿದ್ದ ಇದ. ಅಲ್ಲಿ ಈ ಕೆಲಸಾ ಕಾರಖಾನ್ಯಾಗಷ್ಟ ಇರಲಿಲ್ಲ, ಮನಿ ಮನ್ಯಾಗ ಪಡಸಾಲ್ಯಾಗ ಗಾಲಿ ಇಟಗೊಂಡು ಗಂಡಾ ಹೆಂಡ್ತಿ ಮಕ್ಕಳು ಕೂಡಿ ಅಗೇಟ್ ತಿಕ್ಕತಿದ್ರು. ಸಿಲಿಕೋಸಿಸ್ ತಿಕ್ಕಾಂವಗಷ್ಟ ಬರಲಿಲ್ಲ, ಅದ ಮನ್ಯಾಗ ಅಡಗಿ ಮಾಡಾಕಿಗೂ ಬಂತು, ಪಕ್ಕದ ಮನಿಯವರಿಗೂ ಬಂತು. ಡಾಕ್ಟರು, ಕಾರ್ಮಿಕರ ಪರ ನಿಂತವರು ಇದನ್ನ ವರ್ಷಾನುಗಟ್ಟಲೆ ಬರದು ಇಟ್ಟಾರ. ನಮ್ಮ ಕ್ವಾರಿ ಕೂಲಿಯವರಿಗೂ ಇದ ರೋಗ. ಸಂಘದ ಗಾಲಿ ಎಲ್ಲಿಡ್ತೀರಿ ಅಂತ ನಾ ಕೇಳಿದ್ದಕ್ಕ, "ಅಂಗನವಾಡಿ ಬಾಜೂಕಿನ ಶೆಡ್ಡು" ಅಂದ್ರಿ.

"ಮಾರಿಗೆ ಸೆರಗ ಕಟಿಗೊಂತೀವಿ" ಅಂತ ಉತ್ತರ ಬಂತು. ಸೆರಗಿನ ನೂಲಿನ ನಡುವಿನ ತೂತು ಆ ಧೂಳಿಗೆ ಅಗಸೀ ಬಾಗಲ ಇದ್ದಂಗ. ಬೀಸೂಕಲ್ಲಿನ ಮುಂದ, ಒಲಿ ಹೊಗಿ ಮುಂದ ನಮ್ಮ ಅವ್ವಗೋಳು ಕೆಮ್ಮಿದ್ದು ಸಾಕು. ರೊಕ್ಕಾ ಬೇಕು, ಬ್ಯಾಡ ಅನ್ನಾಕಿ ನಾನಲ್ಲ. ಮನಿ ಕೆಲಸಾ ಮುಗಿಸಿ ಕೈಯಾಗ ನಾಕು ಕಾಸು ಆಡಲಿ ಅನ್ನೂದು ಎಲ್ಲಾರಿಗೂ ಇರ್ತೈತಿ, ಮಕ್ಕಳ ಮುಂದ ಕೈ ಒಡ್ಡೂದು ನನಗೂ ಸೇರೂದಿಲ್ಲ. ಹಂಗಿದ್ರ ಜ್ವಾಳದ ರೊಟ್ಟಿಗೆ, ಶೇಂಗಾ ಹಿಂಡಿಗೆ, ಗುರೆಳ್ಳು ಹಿಂಡಿಗೆ ಸಾಲಾ ಎತ್ತೂಣು. ಅದು ನಮಗ ಬರೂ ಕೆಲಸಾ, ಕೊಳ್ಳಾವರು ಮನಿ ಬಾಗಲಿಗೆ ಬರ್ತಾರ, ತಿಂದವರೂ ಮಾಡಿದವರೂ ಆರಾಮ ಇರ್ತಾರ. ನಾನೂ ಸಹಿ ಮಾಡ್ತೇನಿ.

"ಹಂಗಾರ ನೀವ್ಯಾಕ ಮಾಡ್ತೀರಿ, ಅದರಿಂದ ಏನ್ ಬರ್ತೈತಿ?" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಏನೂ ಬರೂದಿಲ್ಲ. ಮಾಡಿದ ಅಡಗಿ ಸಂಜೀಕ ಖಾಲಿ, ತೊಳದ ಅರಬಿ ಮರುದಿನ ಹೊಲಸು, ಮೂವತ್ತು ವರ್ಷ ಇದ ನಡದೈತಿ. ಒಮ್ಮೆ ಹೊಳಪು ಬಂದ ಕಲ್ಲು ಮಾತ್ರ ಮತ್ತ ಬಂದು ನನ್ನ ತಿಕ್ಕು ಅನ್ನೂದಿಲ್ಲ. ಕಿಡಕಿ ಕಟ್ಟಿ ಮ್ಯಾಲ ಕುಂತಿರ್ತೈತಿ, ಬಿಸಲು ಬಿದ್ದಾಗ ನೋಡ್ತೇನಿ. ಇದನ್ನ ಮಾರಾಕ ಹತ್ತಿದ ದಿನದಿಂದ ಲಗೂ ಆಗಲಿ ಅನಸಾಕ ಸುರು ಆಗತೈತಿ, ಲಗೂ ಅಂದ ಕೂಡಲೆ ಆ ಗಾಲಿ ಮನಿಯೊಳಗ ಬರತೈತಿ.

ಮಾಡಿ ನೋಡಬೇಕನ್ನೂ ಆಸೆ ಇದ್ದಾಕಿ ಸಾಲಾ ಮಾಡೂದು ಬ್ಯಾಡ, ನಮ್ಮ ಡ್ರಮ್ಮ ಒಯ್ರಿ. ಒಂದು ಸುತ್ತಿಗೆ ಒಂದು ಮನಿ. ಕಲ್ಲು ನಿಮ್ಮವ ತರ್ರಿ, ಬಾಟ್ಲಿ ಮ್ಯಾಲ ಗೀರಿ, ಲಿಂಬಿ ಹಿಂಡಿ ಪರೀಕ್ಷಾ ಮಾಡಿ ತರ್ರಿ. ಪುಡೀದು ಖರ್ಚು ಕೊಡ್ರಿ, ಬಾಡಿಗಿ ಬ್ಯಾಡ. ಕೆಸರು ಒಣಗಾಕ ಬಿಡಬ್ಯಾಡ್ರಿ, ಒಣಗಿದ್ರ ಅದೂ ಧೂಳ. ಹಸೀದು ಇರೂವಾಗ್ಲೇ ಪ್ಲಾಸ್ಟಿಕ್ ಚೀಲದಾಗ ಗಂಟು ಕಟ್ಟಿ ಕಸದ ಗಾಡಿಗೆ ಕೊಡ್ರಿ, ಅಂಗಳದಾಗ ಚೆಲ್ಲಬ್ಯಾಡ್ರಿ, ಸಣ್ಣ ಹುಡುಗರು ಆಡ್ತಾವ. ಈಗಿನ ಸುತ್ತು ಮೂರನೇ ಪುಡ್ಯಾಗ ಐತಿ, ಇನ್ನ ಹತ್ತು ದಿನಕ್ಕ ಡ್ರಮ್ಮು ಖಾಲಿ ಆಗತೈತಿ. ಲಕ್ಷ್ಮೇಶ್ವರದ ನಮ್ಮ ಅತ್ತಿಗಿ ಮೊದಲ ಹೇಳಿಟ್ಟಾಳ, ಆಕಿ ಆದ ಮ್ಯಾಲ ಯಾರು ಅನ್ನೂದು ನೀವು ನೀವ ಮಾತಾಡಿಕೊಳ್ರಿ. ಹೆಚ್ಚಿನ ಬೆಲ್ಟು ಡ್ರಮ್ಮಿನ ಡಬ್ಬ್ಯಾಗ ಐತಿ, ಹೊಲಿಗಿ ಮಷೀನಿನ ಎಣ್ಣಿ ನಿಮ್ಮ ಮನ್ಯಾಗ ಇದ್ದ ಇರ್ತೈತಿ.